ಚಿನ್ನದ ಹಾಳೆಯ ಏಳನೇ ಗುರುತು

"ಉಸಿರು ಬಿಗಿಹಿಡಿ," ಎಂದೆ. "ಈಗ ಇಳಿಸು."

ಮಹಾದೇವಿ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆ ಹಿತ್ತಾಳೆಯ ತಿರುಪನ್ನು ಬೆರಳಲ್ಲಿ ಹಿಡಿದಳು. ಅವಳ ಬೆನ್ನ ಹಿಂದೆ ನಿಂತಿದ್ದ ಸಬ್ ಇನ್ಸ್‌ಪೆಕ್ಟರ್ ಆಂಜಿನಪ್ಪನವರ ಬೂಟು ಕಿರ್ರೆಂದಿತು. ತಿರುಪಿನ ಮೇಲಿದ್ದ ಬೆರಳು ತಟ್ಟನೆ ನಿಂತಿತು.

"ಸಾರ್, ದಯವಿಟ್ಟು ಅಲ್ಲಾಡಬೇಡಿ."

"ಅಲ್ಲಾಡ್ದೆ ನಿಂತ್ಕಳಕ್ಕೆ ನಾನೇನ್ ಗುಡಿ ಇಗ್ರವಾ ಮೇಡಂ? ಒಂದು ಗಂಟೆಗೆ ಈಯಮ್ಮನ್ನ ಕರ್ಕಂಡ್ ಹೋಗ್ಲೇಬೇಕು. ಇವತ್ತು ಶನಿವಾರ. ಆಮೇಲೆ ಜಡ್ಜ್ ಸಾಹೇಬ್ರು ಸಿಗಲ್ಲ."

ಗೋಡೆಯ ಗಡಿಯಾರ ಹತ್ತು ಗಂಟೆ ಐದು ನಿಮಿಷ ತೋರಿಸುತ್ತಿತ್ತು.

ಕಳೆದ ವಾರ ಪೀಣ್ಯ ಎರಡನೇ ಹಂತದ ಕಾರ್ಖಾನೆಯೊಂದರಲ್ಲಿ ಕ್ರೇನಿನ ಭಾರದಡಿ ಸಿಕ್ಕಿ ಸಿದ್ರಾಮ ಎಂಬ ಫಿಟ್ಟರ್ ಸತ್ತಿದ್ದ. ಕೆಳಗೆ ಮನುಷ್ಯನಿದ್ದರೆ ಕ್ರೇನನ್ನು ನಿಲ್ಲಿಸಬೇಕಿದ್ದ ರೇಡಾರ್ ಚಿಪ್ಪಿಗೆ ಅವನು ಕಾಣಲೇ ಇಲ್ಲ. ಆ ಚಿಪ್ಪುಗಳನ್ನು ಅಳೆದು 'ಪಾಸ್' ಎಂದು ಕಳಿಸಿದ್ದು ಈ ಲ್ಯಾಬು. ವರದಿಯ ಮೇಲಿದ್ದದ್ದು ಮಹಾದೇವಿಯ ಹೆಸರು.

"ನಾ ಫೇಲ್ ಅಂತನ ಬರ್ದೀನ್ರೀ ಮೇಡಂ," ಎಂದು ಅವಳು ಬೆಳಿಗ್ಗೆಯಿಂದ ಹತ್ತು ಸಲ ಹೇಳಿದ್ದಳು. ಲಿಂಗಸುಗೂರು ಕಡೆಯ ಹೆಣ್ಣುಮಗಳು, ಐಟಿಐ ಓದಿದವಳು. ಗಂಡ ಬಿಟ್ಟು ಹೋಗಿ ಮೂರು ವರ್ಷವಾಗಿದೆ. ಲಗ್ಗೆರೆಯ ಒಂದು ವಠಾರದ ಒಂಟಿ ಕೋಣೆಯಲ್ಲಿ ಆರು ವರ್ಷದ ಮಗಳು ಸಮೀಕ್ಷಾಳ ಜೊತೆ ಬದುಕುತ್ತಿದ್ದಾಳೆ. "ನನ್ನ ಒಯ್ದ್ರ ಆ ಕೂಸಿಗೆ ಯಾರದಾರ್ರೀ?" ಎಂಬುದು ಅವಳ ಇನ್ನೊಂದು ಮಾತು.

ನನ್ನ ಕೈಲಾಗಿದ್ದರೆ ತಿರುಪನ್ನು ನಾನೇ ಹಿಡಿಯುತ್ತಿದ್ದೆ. ಸರ್ಕಾರಿ ಕಾರ್ಖಾನೆಯೊಂದರ ಅಳತೆ ವಿಭಾಗದಲ್ಲಿ ಮೂವತ್ತೊಂದು ವರ್ಷ ಇದೇ ಕೆಲಸ ಮಾಡಿದ ಸುಮಂಗಲಾ ನಾನು. ನಿವೃತ್ತಿಯ ಮೇಲೆ ಕೈಗೆ ನಡುಕ ಬಂತು. ಈಗ ಕಾಫಿ ಲೋಟವನ್ನೂ ಎರಡು ಕೈಯಲ್ಲಿ ಹಿಡಿಯುತ್ತೇನೆ. ಹಾಗಾಗಿ ಇವತ್ತು ಕೈ ಅವಳದು, ಕಣ್ಣು ನನ್ನದು.

"ಮೊದಲು ಏನು ಮಾಡ್ತೀಯಾ ಅಂತ ಸಾರ್‌ಗೆ ಹೇಳು," ಎಂದೆ.

"ಮೊದ್ಲ ಚಿನ್ನದ ಹಾಳಿ ಮ್ಯಾಲ ಇಳಸ್ತೀವ್ರೀ. ಪ್ರೋಬಿಗೆ ಮೂರು ಕಾಲದಾವು. ಮೂರೂ ಒಮ್ಮೆಗೇ ಕೂತ್ರ ಮೂರು ಗೀರು ಸಮ ಬೀಳ್ತಾವು. ಒಂದು ಕಾಲು ಮ್ಯಾಲಿದ್ರ ಆ ಕಡಿ ಗೀರು ಬೀಳಂಗಿಲ್ಲ. ಹಂಗಿದ್ರ ಅಳತಿ ಎಲ್ಲಾ ಸುಳ್ಳು."

ಸಿನಿಮಾದಲ್ಲಿ ತೋರಿಸುವಂಥ ಯಂತ್ರವಲ್ಲ ಈ ಪ್ರೋಬು. ಬೆರಳುದ್ದದ ಲೋಹದ ತುಂಡು. ಅದರ ತುದಿಯಲ್ಲಿ ಕೂದಲೆಳೆಗಿಂತ ತೆಳುವಾದ ಮೂರು ಕಾಲು. ಚಿಪ್ಪಿನ ಮೇಲಿರುವ ಮೂರು ಚಿನ್ನದ ಚೌಕಗಳ ಮೇಲೆ ಆ ಮೂರು ಕಾಲುಗಳನ್ನು ಕೂರಿಸಬೇಕು. ಒಳಗೆ ಓಡುವ ಸಿಗ್ನಲ್ ಸೆಕೆಂಡಿಗೆ ಎರಡು ಸಾವಿರದ ನಾನೂರು ಕೋಟಿ ಸಲ ಮಿಡಿಯುತ್ತದೆ. ಅಂಥ ಕಡೆ ಪ್ರೋಬಿನ ಕಾಲು ಕೂದಲೆಳೆಯಷ್ಟು ಸರಿದರೂ ಒಳ್ಳೆಯ ಚಿಪ್ ಕೆಟ್ಟದ್ದಾಗಿ ಕಾಣುತ್ತದೆ, ಕೆಟ್ಟದ್ದು ಒಳ್ಳೆಯದಾಗಿ ಕಾಣುತ್ತದೆ.

ಮಹಾದೇವಿ ತಿರುಪನ್ನು ಗೋಧಿಕಾಳಿನಷ್ಟು ತಿರುಗಿಸಿದಳು. ಮೈಕ್ರೋಸ್ಕೋಪಿಗೆ ಜೋಡಿಸಿದ್ದ ಟಿವಿ ಪರದೆಯಲ್ಲಿ ಮೂರು ಕಾಲುಗಳು ಹಾಳೆಯನ್ನು ಮುಟ್ಟಿ, ಚೂರೇ ಚೂರು ಮುಂದಕ್ಕೆ ಜಾರಿ ನಿಂತವು. ಎತ್ತಿದಾಗ ಮೂರು ಸಮನಾದ ಗೀರು. ಅಷ್ಟು ಭಯದಲ್ಲೂ ಅವಳ ಕೈ ತಪ್ಪಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು ಎಂದರೆ ಸುಳ್ಳಲ್ಲ.

"ಈಗ ಈ ಬೇಡದ ಚಿಪ್ಪಿನ ಮೇಲೆ ಇಳಿಸು. ಎತ್ತು. ಇನ್ನೊಂದು ಸಲ ಇಳಿಸು."

ಪ್ರತಿ ಚೌಕದ ಮೇಲೂ ಎರಡೆರಡು ಗೀರು ಬಿದ್ದವು.

"ನೋಡಿದ್ರಾ ಸಾರ್? ಮುಟ್ಟದೆ ಅಳೆಯೋಕಾಗಲ್ಲ. ಮುಟ್ಟಿದರೆ ಗೀರು ಬೀಳದೆ ಇರಲ್ಲ. ಒಂದು ಸಲ ಅಳೆದರೆ ಒಂದು, ಎರಡು ಸಲ ಅಳೆದರೆ ಎರಡು."

"ಸರಿ. ಅದ್ಕೇನೀಗ?"

"ಕಂಪ್ಯೂಟರ್ ಏನು ಹೇಳುತ್ತೆ? ಐದು ವಾರದ ಹಿಂದಿನ ಮಂಗಳವಾರ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಹನ್ನೆರಡು ಚಿಪ್ ಅಳೆದರು, ಎಲ್ಲಾ ಫೇಲ್. ಅದೇ ದಿನ ರಾತ್ರಿ ಎಂಟು ಹತ್ತಕ್ಕೆ ಅವನ್ನೇ ಮತ್ತೆ ಅಳೆದರು, ಎಲ್ಲಾ ಪಾಸ್. ಎರಡಕ್ಕೂ ಮಹಾದೇವಿಯ ಲಾಗಿನ್. ನಿಮ್ಮ ಸೀಲ್ ಇರೋ ಡಬ್ಬಿ ಕೊಡಿ. ಆ ಹನ್ನೆರಡರಲ್ಲಿ ಸಾಕ್ಷಿಗೆ ಅಂತ ಎತ್ತಿಟ್ಟ ಒಂದು ಚಿಪ್ ಅದರಲ್ಲಿದೆ."

ಆಂಜಿನಪ್ಪನವರು ಸೀಲ್ ಒಡೆದು, ಪಂಚನಾಮೆಗೆ ಸಹಿ ಹಾಕಿಸಿಕೊಂಡು, ಚಿಪ್ಪನ್ನು ಮಹಾದೇವಿಯ ಕೈಗೆ ಕೊಡದೆ ತಾವೇ ಚಿಮಟದಲ್ಲಿ ಇಟ್ಟರು. ಪರದೆಯ ಮೇಲೆ ಮೂರು ಚೌಕಗಳು ಬಂದವು.

ಒಂದೊಂದರ ಮೇಲೂ ಒಂದೇ ಒಂದು ಗೀರು.

ಆಂಜಿನಪ್ಪನವರು ಪರದೆಯ ಹತ್ತಿರ ಹೋಗಿ, ಬಗ್ಗಿ, ಬೆರಳಿಟ್ಟು ಎಣಿಸಿದರು. ಒಂದನ್ನು ಎಣಿಸಲು ಅಷ್ಟು ಹೊತ್ತು ತೆಗೆದುಕೊಂಡ ಮನುಷ್ಯನನ್ನು ನಾನು ಅದೇ ಮೊದಲು ನೋಡಿದ್ದು.

"ಅಂದ್ರೆ ರಾತ್ರಿ ಅಳತೆ..."

"ನಡೆದೇ ಇಲ್ಲ. ಯಾವುದೋ ಹಳೇ ಪಾಸ್ ಫೈಲನ್ನ ತಂದು ಇದಕ್ಕೆ ಅಂಟಿಸಿದ್ದಾರೆ."

"ಲಾಗಿನ್ ಈಯಮ್ಮಂದೇ ಅಲ್ವಾ?"

ನಾನು ಕಂಪ್ಯೂಟರಿನ ಕೆಳತುದಿಗೆ ಅಂಟಿಸಿದ್ದ ಹಳದಿ ಚೀಟಿಯನ್ನು ತೋರಿಸಿದೆ. ಮಹಾದೇವಿಯ ಹೆಸರು, ಪಕ್ಕದಲ್ಲಿ ಪಾಸ್‌ವರ್ಡ್, ಅದೂ ದೊಡ್ಡ ಅಕ್ಷರದಲ್ಲಿ. ಮನೆಗೆ ಬೀಗ ಹಾಕಿ ಕೀಲಿಯನ್ನು ಬಾಗಿಲಿಗೇ ನೇತು ಹಾಕುವ ಬುದ್ಧಿವಂತಿಕೆ ನಮ್ಮ ಎಲ್ಲಾ ಲ್ಯಾಬುಗಳಲ್ಲೂ ಉಂಟು.

"ಮಂಗಳವಾರ ಐದಕ್ಕೇ ನಾ ಮನಿಗೆ ಹೋಗೀನ್ರೀ," ಎಂದಳು ಮಹಾದೇವಿ. ಮೊದಲ ಬಾರಿಗೆ ಅವಳ ದನಿ ಸ್ವಲ್ಪ ಗಟ್ಟಿಯಾಗಿತ್ತು.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಕಳ್ಳ ಯಾರೆಂದು ಹೇಳದೆ ಪೊಲೀಸರು ಕೈಯಲ್ಲಿದ್ದ ಹಕ್ಕಿಯನ್ನು ಬಿಡುವುದಿಲ್ಲ. ನಾನು ಮತ್ತೆ ಚಿನ್ನದ ಹಾಳೆಯನ್ನು ಮೈಕ್ರೋಸ್ಕೋಪಿನ ಕೆಳಗೆ ಸರಿಸಿದೆ.

ಈ ಹಾಳೆ ಅಂಚೆಚೀಟಿಯಷ್ಟಿದೆ. ಪ್ರತಿ ದಿನ ಬೆಳಿಗ್ಗೆ ಒಂದೇ ಒಂದು ಸಲ, ಹಿಂದಿನ ದಿನದ ಗುರುತಿನ ಪಕ್ಕದಲ್ಲಿ, ಹೊಸ ಗುರುತು. ಸೋಮವಾರದಿಂದ ಶನಿವಾರಕ್ಕೆ ಆರು. ಭಾನುವಾರಕ್ಕೆ ಖಾಲಿ ಜಾಗ. ಮತ್ತೆ ಆರು. ಹಾಜರಿ ಪುಸ್ತಕವನ್ನಾದರೂ ತಿದ್ದಬಹುದು, ಇದನ್ನು ತಿದ್ದಲಾಗದು. ಯಾರೂ ಹಿಂದಿನದನ್ನು ನೋಡುವುದೂ ಇಲ್ಲ, ಮುಂದಿನ ಖಾಲಿ ಜಾಗ ಎಲ್ಲಿದೆ ಎಂದಷ್ಟೇ ನೋಡುತ್ತಾರೆ.

ನಾನು ಕೈ ಚಾಚಿ ಟಿವಿ ಪರದೆಯನ್ನು ಆರಿಸಿದೆ.

"ಯಾಕ್ ಮೇಡಂ, ನಾವು ನೋಡ್ಬಾರ್ದಾ?" ಎಂದರು ಆಂಜಿನಪ್ಪ.

"ಹಳೇ ಅಭ್ಯಾಸ. ಪರದೆ ಉರೀತಿದ್ರೆ ನನ್ನ ಕಣ್ಣಿಗೆ ಚುಚ್ಚುತ್ತೆ." ಕಣ್ಣಿಗೆ ಚುಚ್ಚುವ ಮಾತು ಸುಳ್ಳು, ಅಭ್ಯಾಸದ ಮಾತು ನಿಜ.

ಒಂದು ವಾರ ಹಿಂದೆ ಹೋದೆ. ಆರು. ಎರಡು ವಾರ, ಮೂರು ವಾರ, ನಾಲ್ಕು. ಆರು, ಆರು, ಆರು. ಐದನೇ ವಾರಕ್ಕೆ ಬಂದಾಗ ಲೆಕ್ಕ ತಪ್ಪಿತೇ ಎನ್ನಿಸಿತು. ಎರಡೂ ಮೊಣಕೈಗಳನ್ನು ಮೇಜಿಗೆ ಒತ್ತಿ ಮತ್ತೆ ಎಣಿಸಿದೆ.

ಏಳು.

ಸೋಮವಾರದ್ದು, ಮಂಗಳವಾರದ್ದು, ಆಮೇಲೆ ಒಂದು ಹೆಚ್ಚಿನದು. ಆ ಹೆಚ್ಚಿನ ಗುರುತಿನಲ್ಲಿ ನಡುವಿನ ಗೀರು ಇತ್ತು, ಬಲಗಡೆಯ ಗೀರು ಇತ್ತು. ಎಡಗಡೆ ಚಿನ್ನ ನುಣ್ಣಗೆ ಹಾಗೇ ಇತ್ತು. ಎಡಗಾಲು ಹಾಳೆಯನ್ನು ಮುಟ್ಟಿರಲಿಲ್ಲ. ಬುಧವಾರದಿಂದ ಮತ್ತೆ ಮೂರು ಗೀರು ಸಮವಾಗಿ ಬಿದ್ದಿದ್ದವು.

ಇನ್ನೂ ಒಂದು ಸಂಗತಿ ಇತ್ತು. ಆ ಎರಡು ಗೀರುಗಳ ಹಿಂದೆಯೂ ಒಂದೊಂದು ಸಣ್ಣ ಚುಕ್ಕೆ. ಅದರ ವಿಷಯ ಆಮೇಲೆ ಹೇಳುತ್ತೇನೆ.

"ಮಹಾದೇವಿ, ಆ ಬುಧವಾರ ಬಂದಾಗ ಯಂತ್ರದ ತೋಳಿನಲ್ಲಿ ಅದೇ ಪ್ರೋಬ್ ಇತ್ತಾ?"

ಅವಳು ಯೋಚಿಸಿದಳು. "ಇಲ್ರೀ. ಹೊಸಾದಿತ್ತು. ನಮ್ಮ ಲ್ಯಾಬಿನ ಹೆಡ್ ಪರಮಾನಂದ ಸರ್ ಬದ್ಲಿ ಮಾಡ್ಯಾರ ಅಂತ ತಿಳ್ಕೊಂಡೆ. ಕೇಳ್ಲಿಲ್ಲ."

ಬೆಳಿಗ್ಗೆ ಬಂದ ತಕ್ಷಣ ನಾನು ಪ್ರೋಬುಗಳನ್ನು ಎಣಿಸಿ, ಒಂದೊಂದನ್ನೂ ಮೈಕ್ರೋಸ್ಕೋಪಿನಲ್ಲಿ ನೋಡಿದ್ದೆ. ಈ ಲ್ಯಾಬು ತರಿಸಿದ್ದು ಆರು. ಇದ್ದದ್ದು ಐದು: ಯಂತ್ರದ ತೋಳಿನಲ್ಲಿ ಒಂದು, ಶೆಲ್ಫಿನ ಮೇಲಿನ ಪೆಟ್ಟಿಗೆಯಲ್ಲಿ ನಾಲ್ಕು. ಐದಕ್ಕೂ ಕಾಲುಗಳು ನೆಟ್ಟಗಿದ್ದವು.

ನಾನು ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದೆ. "ಸಾರ್, ಬರ್ಕೊಳ್ಳಿ. ಆ ಮಂಗಳವಾರ ಸಂಜೆ ಯಾರೋ ಇಲ್ಲಿಗೆ ಬಂದು ಮತ್ತೆ ಅಳೆಯೋಕೆ ಹೊರಟಿದ್ದಾರೆ. ಅವರ ಪ್ರೋಬಿನ ಒಂದು ಕಾಲು ಸೊಟ್ಟಗಿತ್ತು. ಆ ಪ್ರೋಬ್ ಈಗ ಲ್ಯಾಬಿನಲ್ಲಿ ಇಲ್ಲ. ಅದು ಯಾರ ಹತ್ತಿರ ಇದೆಯೋ, ಅವರೇ ಸಿದ್ರಾಮನ ಸಾವಿಗೆ ಉತ್ತರ ಹೇಳಬೇಕು."

ಹೇಳಿದ್ದು ಅಷ್ಟೇ. ಯಾವ ಕಾಲು ಎಂದು ಹೇಳಲಿಲ್ಲ. ಎರಡನೇ ಸಲ ಅಳೆಯುವವರಿಗೆ ಮೊದಲ ಅಳತೆ ಎಷ್ಟು ಬಂತೆಂದು ಹೇಳಬಾರದು ಎಂಬುದು ನಮ್ಮ ವಿಭಾಗದ ಕಟ್ಟುನಿಟ್ಟು. ಹೇಳಿದರೆ ಅವರಿಗೂ ಅದೇ ಬರುತ್ತದೆ. ಈ ಅಭ್ಯಾಸ ಬಿಡದೆ ನನ್ನ ಯಜಮಾನರಿಂದ ಜೀವನವಿಡೀ ಬೈಸಿಕೊಂಡಿದ್ದೇನೆ.

ಆಗ ಆ ಕೋಣೆಯಲ್ಲಿ ನನ್ನನ್ನು ಬಿಟ್ಟು ಇದ್ದವರು ನಾಲ್ಕೇ ಜನ. ಮಹಾದೇವಿ, ಆಂಜಿನಪ್ಪ, ಮೂಲೆಯ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದ ಲ್ಯಾಬಿನ ಮುಖ್ಯಸ್ಥ ಪರಮಾನಂದ, ಮತ್ತು ಶೆಲ್ಫು ಒರೆಸುತ್ತಿದ್ದ ಶಾಂತಿ.

ಶಾಂತಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಹದಿನೈದು ವರ್ಷ ನಮ್ಮ ಕಾರ್ಖಾನೆಯಲ್ಲಿ ಗುತ್ತಿಗೆಯ ಮೇಲೆ ನನ್ನ ವಿಭಾಗದ ನೆಲ ಒರೆಸಿದವಳು. ಈಗ ಇಲ್ಲಿ ಅದೇ ಕೆಲಸ. ಲಗ್ಗೆರೆಯಲ್ಲಿ ಅವಳ ಮನೆ ಮಹಾದೇವಿಯ ಕೋಣೆಯ ಎದುರಿಗೇ. ಮೊನ್ನೆ ನನ್ನ ಮನೆಗೆ ಬಂದು, ಕೈಮುಗಿದು, "ಆ ಹುಡ್ಗಿ ಏನೂ ಮಾಡಿಲ್ಲ ಮೇಡಂ, ನೀವೊಬ್ರೇ ಅದುನ್ನ ಕಂಡುಹಿಡಿಯೋಕಾಗೋದು" ಎಂದು ಅತ್ತು ನನ್ನನ್ನು ಈ ಕೇಸಿಗೆ ಎಳೆದವಳೇ ಅವಳು.

"ಮೇಡಂ," ಎಂದಳು ಶಾಂತಿ, ಬಟ್ಟೆ ಮಡಚುತ್ತಾ. "ಇವತ್ತು ಮಗು ಸ್ಕೂಲು ಹನ್ನೊಂದೂವರೆಗೇ ಬಿಡುತ್ತೆ. ನಾನು ಹೋಗಿ ಕರ್ಕೊಂಡ್ ಬಂದ್ಬಿಡ್ಲಾ? ಹಂಗೇ ಇವ್ಳಿಗೆ ಒಂದೆರಡು ರೊಟ್ಟಿನೂ ತರ್ತೀನಿ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ."

"ಹೋಗಿ ಬಾರಕ್ಕ," ಎಂದಳು ಮಹಾದೇವಿ. "ಪೊಲೀಸ್ರು ಅದಾರ ಅಂತ ಅಕಿಗೆ ಹೇಳ್ಬ್ಯಾಡ."

ಆಂಜಿನಪ್ಪನವರು ತಲೆಯಾಡಿಸಿದರು. ಶಾಂತಿ ಹೋದಳು. ಅವರು ಬಾಗಿಲ ಬಳಿ ನಿಂತು ಯಾರಿಗೋ ಫೋನ್ ಮಾಡಿ ಮೆಲ್ಲಗೆ ಏನೋ ಹೇಳಿದರು. ನಾನು ಅದಕ್ಕೆ ಗಮನ ಕೊಡಲಿಲ್ಲ. ನನ್ನ ಗಮನವೆಲ್ಲ ಮೂಲೆಯ ಕುರ್ಚಿಯ ಮೇಲಿತ್ತು.

ಪರಮಾನಂದ ಬಲಗೈಯ ಹೆಬ್ಬೆರಳಿನಿಂದ ತೋರುಬೆರಳನ್ನು ಉಜ್ಜಿಕೊಳ್ಳುತ್ತಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಳತೆ ಮಾಡುವವನು ಬೆರಳು ನೋಡಿಕೊಳ್ಳುತ್ತಾನೆ.

ನಾನು ಕುರ್ಚಿ ಎಳೆದುಕೊಂಡು ಅವನೆದುರು ಕೂತೆ.

"ಪರಮಾ, ಮೊದಲನೆಯದು ಏನು?"

ಅವನಿಗೆ ಅರ್ಥವಾಯಿತು. ಆದರೂ, "ಏನು ಮೇಡಂ?" ಎಂದ.

"ನಿನಗೆ ಇಪ್ಪತ್ತೆರಡು ವರ್ಷ ಇದ್ದಾಗ ನನ್ನ ಹತ್ತಿರ ಅಪ್ರೆಂಟಿಸ್ ಆಗಿ ಬಂದೆ. ಮೊದಲ ದಿನ ನಾನು ಏನು ಕಲಿಸಿದೆ?"

ಅವನು ಬೆರಳು ಉಜ್ಜುವುದನ್ನು ನಿಲ್ಲಿಸಿದ; ನಾನೇ ಹೇಳಿದೆ.

"ಮೊದಲು ತಾಕಿಸು. ಎತ್ತು. ಮತ್ತೆ ಇಳಿಸು. ಮೊದಲನೆಯದು ನಮಸ್ಕಾರ, ಎರಡನೆಯದು ಕೆಲಸ. ನನ್ನ ಹತ್ತಿರ ಕಲಿತವರ ಗೀರಿನ ಹಿಂದೆ ಒಂದು ಚುಕ್ಕೆ ಇರುತ್ತೆ. ಮಹಾದೇವಿಯ ಗುರುತಿನಲ್ಲಿ ಇಲ್ಲ."

"ಪ್ರೋಬ್ ಬೇಗ ಸವೆಯುತ್ತೆ ಅಂತ ಇಲ್ಲಿ ಯಾರಿಗೂ ಅದನ್ನ ಕಲಿಸಿಲ್ಲ," ಎಂದ, ತನ್ನಷ್ಟಕ್ಕೆ ಎಂಬಂತೆ. ಆಡಿದ ಮೇಲೆ ತುಟಿ ಕಚ್ಚಿಕೊಂಡ.

"ಹಾಗಾದರೆ ಈ ಲ್ಯಾಬಿನಲ್ಲಿ ಆ ಚುಕ್ಕೆ ಹಾಕುವವರು ಎಷ್ಟು ಜನ?"

"ಮೇಡಂ..."

"ಎಷ್ಟು ಜನ ಪರಮಾ?"

"ಒಬ್ಬನೇ."

ಮಹಾದೇವಿ ತಲೆಯೆತ್ತಿ ಅವನನ್ನು ನೋಡಿದಳು. ಸಿಟ್ಟಿರಲಿಲ್ಲ ಅವಳ ಮುಖದಲ್ಲಿ, ಬರೀ ಆಶ್ಚರ್ಯ. ಅದನ್ನು ನೋಡಿ ನನಗೇ ಸಿಟ್ಟು ಬಂತು.

"ಸಂಜೆ ಆರೂ ಕಾಲಿಗೆ ಬಂದೆ," ಎಂದ ಪರಮಾನಂದ. "ಮಾಲೀಕರು ಬೆಳಿಗ್ಗೆಯೇ ಮಾಲು ಹೋಗಬೇಕು ಅಂತ ಒಂದೇ ಸಮ ಫೋನು. ಹನ್ನೆರಡಕ್ಕೆ ಹನ್ನೆರಡೂ ಫೇಲ್ ಅಂದ್ರೆ ಪ್ರೋಬ್ ಕೂತಿರೋದೇ ಸರಿ ಇಲ್ವೇನೋ ಅನ್ಕೊಂಡೆ. ಮತ್ತೆ ಅಳೆಯೋಣ ಅಂತ ಮೊದಲು ಚಿನ್ನದ ಹಾಳೆ ಮೇಲೆ ಇಳಿಸಿದೆ. ಒಂದು ಕಾಲು ಬೀಳಲಿಲ್ಲ. ಬಗ್ಗಿತ್ತು. ನಾನು ಬಗ್ಗಿಸಿದ್ದಲ್ಲ ಮೇಡಂ, ನಾನು ಮುಟ್ಟೋಕೆ ಮುಂಚೆಯೇ ಬಗ್ಗಿತ್ತು. ಹಾಗೇ ಬಿಟ್ಟು ಮನೆಗೆ ಹೋದೆ. ಫೈಲನ್ನ ಮುಟ್ಟಿಲ್ಲ."

"ಅಮ್ಮನ ಆಣೆ ಹಾಕಿದರೂ ನಂಬೋದು ಕಷ್ಟ," ಎಂದೆ. "ಬೆಳಿಗ್ಗೆ ಮಹಾದೇವಿ ಅಳೆದ ಚಿಪ್ಪಿನ ಮೇಲೆ ಮೂರು ಗೀರೂ ಸರಿಯಾಗಿವೆ. ಆಗ ಪ್ರೋಬ್ ಚೆನ್ನಾಗಿತ್ತು. ಸಂಜೆ ಹೊತ್ತಿಗೆ ಅದರ ಕಾಲು ತಾನಾಗಿ ಬಗ್ಗಿತಾ?"

"ನನಗೆ ಗೊತ್ತಿಲ್ಲ."

"ಬುಧವಾರ ಪಾಸ್ ಅಂತ ವರದಿ ಹೋದಾಗ?"

"ಮಹಾದೇವಿಯೇ ಬೇರೆ ಪ್ರೋಬ್ ಹಾಕಿ ಅಳೆದಿರಬಹುದು ಅನ್ಕೊಂಡೆ. ಕೇಳಲಿಲ್ಲ."

ಇವಳು ಅವನನ್ನು ಕೇಳಲಿಲ್ಲ, ಅವನು ಇವಳನ್ನು ಕೇಳಲಿಲ್ಲ. ಇಬ್ಬರ ನಡುವೆ ಒಬ್ಬ ಮನುಷ್ಯ ಸತ್ತ.

"ಸಿದ್ರಾಮ ಹೋಗಿ ಎಂಟು ದಿನ ಆಯ್ತು. ಈ ಹೆಣ್ಣುಮಗಳನ್ನ ದಿನಾ ಸ್ಟೇಷನ್ನಿಗೆ ಕರೆಸ್ತಿದ್ದಾರೆ. ಎಂಟು ದಿನದಲ್ಲಿ ಒಂದು ಮಾತು ಹೇಳೋಕೆ ನಿನಗೆ ಬಾಯಿ ಬರಲಿಲ್ವಾ?"

"ಹೆದರಿಕೆ ಆಯ್ತು ಮೇಡಂ. ಆ ಗುರುತು ನಂದು. ಹೇಳಿದ್ರೆ ನನ್ನನ್ನೇ ಹಿಡೀತಾರೆ."

"ಅದಕ್ಕೆ ಅವಳನ್ನ ಹಿಡೀಲಿ ಅಂತ ಬಿಟ್ಟೆ."

ಅವನು ತಲೆ ತಗ್ಗಿಸಿದ. ಕೈಹಿಡಿದು ಕೆಲಸ ಕಲಿಸಿದ ಹುಡುಗ ಇಷ್ಟು ಪುಕ್ಕಲನಾಗಿ ಬೆಳೆದನಲ್ಲ ಎಂದು ನನಗೆ ನಾಚಿಕೆಯಾಯಿತು, ನಾನೇ ತಪ್ಪು ಮಾಡಿದಷ್ಟು ನಾಚಿಕೆ. ಅವನು ನಿಜ ಹೇಳುತ್ತಿದ್ದಾನೋ ಅರ್ಧ ನಿಜ ಹೇಳುತ್ತಿದ್ದಾನೋ ಮಾತ್ರ ಗೊತ್ತಾಗಲಿಲ್ಲ.

ಹನ್ನೆರಡೂ ಹತ್ತಕ್ಕೆ ಆಂಜಿನಪ್ಪನವರ ಫೋನ್ ಬಡಿದುಕೊಂಡಿತು. ಅವರು 'ಹೂಂ, ಹೂಂ' ಎಂದು ಕೇಳಿ, ಫೋನನ್ನು ಜೇಬಿಗಿಟ್ಟು, ನನ್ನತ್ತ ತಿರುಗಿದರು. ಮುಖದಲ್ಲಿ ಗೆದ್ದ ನಗು ಇರಲಿಲ್ಲ. ಆ ಮಟ್ಟಿಗೆ ಒಳ್ಳೆಯ ಮನುಷ್ಯ.

"ಮೇಡಂ, ನೀವು ಕಾಲು ಸೊಟ್ಟ ಪ್ರೋಬ್ ಅಂದ್ರಲ್ಲಾ, ಆವಾಗ್ಲೇ ಈಯಮ್ಮನ ರೂಮ್ ನೋಡ್ರಪ್ಪಾ ಅಂತ ಲಗ್ಗೆರೆಗೆ ಇಬ್ರನ್ನ ಕಳ್ಸಿದ್ದೆ. ಸಿಕ್ತಂತೆ."

"ಏನು ಸಿಕ್ತು?"

"ಪ್ರೋಬು. ಜೋಳದ ಇಟ್ಟಿನ ಡಬ್ಬೀಲಿ, ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ಇಟ್ಟೈತಂತೆ. ತತ್ತಾ ಅವ್ರೆ."

ಮಹಾದೇವಿ ಎದ್ದು ನಿಂತಳು. "ಇಲ್ರೀ... ಮೇಡಂ, ನಾ ಯಾಕ ಇಡ್ಲಿ? ನಿನ್ನೆ ರಾತ್ರಿ ಅದ ಡಬ್ಬಿಯಾಗಿನ ಹಿಟ್ಟ ತಗದು ರೊಟ್ಟಿ ಬಡದೀನ್ರೀ. ಏನೂ ಇರ್ಲಿಲ್ಲ."

"ನೀವೇ ಏಳಿದ್ದು ಮೇಡಂ," ಎಂದರು ಆಂಜಿನಪ್ಪ. "ಅದು ಯಾರತ್ರ ಐತೋ ಅವ್ರೇ ಉತ್ರ ಏಳ್ಬೇಕು ಅಂತ. ಬರ್ಕಂಡಿದ್ದೀನಿ."

ಹೌದು, ನಾನೇ ಹೇಳಿದ್ದೆ. ಬಿಡಿಸಲು ಬಂದವಳು ನನ್ನ ಕೈಯಾರೆ ಉರುಳು ಹೆಣೆದು ಕೊಟ್ಟಿದ್ದೆ. ಲಗ್ಗೆರೆಯಿಂದ ಬೈಕು ಬರಲು ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷ ನಾನು ಕೂತಿದ್ದ ಕುರ್ಚಿಯ ಕೈಯನ್ನು ಬಿಡಲಿಲ್ಲ. ಮಹಾದೇವಿ ಅಳಲಿಲ್ಲ, ಗಡಿಯಾರವನ್ನೇ ನೋಡುತ್ತಿದ್ದಳು. "ಶಾಂತಕ್ಕ ಕೂಸಿನ ಕರ್ಕೊಂಡು ಬರೂಕ ಮೊದ್ಲು ನನ್ನ ಒಯ್ದುಬಿಡ್ರೀ ಸರ್," ಎಂದಳು ಒಮ್ಮೆ. "ಅಕಿ ನೋಡೂದು ಬ್ಯಾಡ."

ಕಾನ್‌ಸ್ಟೇಬಲ್ ಬಂದು ಹಿಟ್ಟು ಮೆತ್ತಿದ ಕವರನ್ನು ಮೇಜಿನ ಮೇಲಿಟ್ಟ.

"ಬಾಗಿಲು ಒಡೆದ್ರಾ?" ಎಂದು ಕೇಳಿದೆ.

"ಇಲ್ಲ ಮೇಡಂ. ಬೀಗನೇ ಹಾಕಿರ್ಲಿಲ್ಲ. ಬರೀ ಚಿಲ್ಕ."

"ಬೀಗ ಹಾಕಿ ಬಂದೀನ್ರೀ ನಾನು!" ಎಂದಳು ಮಹಾದೇವಿ.

ಪ್ರೋಬಿನ ಮೇಲೆ ನಂಬರು ಕೆತ್ತಿರುತ್ತದೆ. ನಂಬರು ಮೇಲೆ ಬರುವಂತೆ ಒಂದೇ ರೀತಿಯಲ್ಲಿ ಅದನ್ನು ಯಂತ್ರದ ತೋಳಿಗೆ ಕೂರಿಸಲು ಸಾಧ್ಯ. ಹಾಗಾಗಿ ಯಾವುದು ಎಡಗಾಲು, ಯಾವುದು ಬಲಗಾಲು ಎಂಬುದರಲ್ಲಿ ಗೊಂದಲವಿಲ್ಲ. ನಾನು ಎರಡು ಕೈಯಲ್ಲಿ ಹಿಡಿದು ಅದನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟೆ. ನಂಬರು ಮೇಲೆ, ತುದಿ ಆಚೆಗೆ. ಸ್ಪಷ್ಟ ಮಾಡಿಕೊಂಡು ನೋಡಿದೆ.

ಬಗ್ಗಿದ್ದು ಬಲಗಾಲು.

ಮತ್ತೊಮ್ಮೆ ನೋಡಿದೆ. ಎಡಗಾಲು ಸೂಜಿಯಂತೆ ನೆಟ್ಟಗಿತ್ತು. ಬಲಗಾಲನ್ನು ಚಿಮಟದಲ್ಲಿ ಹಿಡಿದು ಮೇಲಕ್ಕೆ ತಿರುಚಿದ ಗುರುತು ಹೊಚ್ಚಹೊಸದ್ದಾಗಿ ಹೊಳೆಯುತ್ತಿತ್ತು.

ಎದೆಯ ಮೇಲಿಂದ ಬಂಡೆ ಇಳಿದಂತಾಯಿತು. ನಾನು ನಕ್ಕೇಬಿಟ್ಟೆ. ಆಂಜಿನಪ್ಪನವರು ಗಾಬರಿಯಿಂದ ನೋಡಿದರು.

"ಸಾರ್, ಇದು ಆ ಪ್ರೋಬ್ ಅಲ್ಲ. ಹಾಳೆಯ ಮೇಲೆ ಬೀಳದೆ ಹೋದದ್ದು ಎಡಗಾಲು. ಇದರಲ್ಲಿ ಬಲಗಾಲು ಬಗ್ಗಿಸಿದ್ದಾರೆ. ಒಂದು ಕಾಲು ಸೊಟ್ಟ ಅಂತ ಕೇಳಿಸಿಕೊಂಡು, ಯಾವ ಕಾಲು ಅಂತ ಗೊತ್ತಿಲ್ಲದೆ ಮಾಡಿದ ಕೆಲಸ ಇದು. ಪರದೆ ಯಾಕೆ ಆರಿಸಿದೆ ಅಂತ ಕೇಳಿದ್ರಲ್ಲ, ಇದಕ್ಕೇ."

ಅವರು ಹಾಳೆಯ ಗುರುತನ್ನೂ ನೋಡಿದರು, ಪ್ರೋಬನ್ನೂ ನೋಡಿದರು. ಎರಡೆರಡು ಸಲ ನೋಡಿದರು. "ಅಂದ್ರೆ ಇವತ್ತು ತಂದು ಮಡಗಿರೋದು," ಎಂದರು ನಿಧಾನವಾಗಿ.

"ಇವತ್ತೇ. ನಾನು ಬಾಯಿ ಬಿಟ್ಟ ಮೇಲೆ."

ಪೆಟ್ಟಿಗೆ ತೆರೆದೆ. ಬೆಳಿಗ್ಗೆ ನಾಲ್ಕು ಪ್ರೋಬ್ ಇದ್ದ ಕಡೆ ಮೂರೇ ಇದ್ದವು.

"ಇವ್ನೇ ಯಾರ್ ಕೈಲಾದ್ರೂ ಕಳ್ಸಿದ್ನಾ?" ಎಂದು ಆಂಜಿನಪ್ಪನವರು ಪರಮಾನಂದನ ಭುಜದ ಮೇಲೆ ಕೈಯಿಟ್ಟರು.

"ಇಲ್ಲ ಸಾರ್. ಹಾಳೆಯ ಮೇಲೆ ಆ ಗುರುತು ಹಾಕಿದ್ದೇ ಅವನು. ಎಡಗಾಲು ಬಿದ್ದಿಲ್ಲ ಅಂತ ಅವನಿಗೆ ಗೊತ್ತು. ಅವನು ಮಾಡಿಸಿದ್ದರೆ ಎಡಗಾಲನ್ನೇ ಬಗ್ಗಿಸ್ತಿದ್ದರು. ಅವನು ಇಷ್ಟು ಹೊತ್ತು ಹೇಳಿದ್ದು ನಿಜ."

ಹೇಳುತ್ತಾ ಹೇಳುತ್ತಾ ನನ್ನ ನಗು ಅರ್ಧಕ್ಕೆ ನಿಂತಿತು.

ನನ್ನ ಮಾತು ಕೇಳಿದವರು ನಾಲ್ಕು ಜನ. ಪರಮಾನಂದ ಕುರ್ಚಿ ಬಿಟ್ಟು ಎದ್ದಿಲ್ಲ. ಮಹಾದೇವಿ ನನ್ನ ಪಕ್ಕದಲ್ಲೇ ಇದ್ದಳು. ಆಂಜಿನಪ್ಪ ಬಾಗಿಲು ದಾಟಿಲ್ಲ. ಆ ಪೆಟ್ಟಿಗೆ ಇದ್ದದ್ದು ಶೆಲ್ಫಿನ ಮೇಲೆ. ಶೆಲ್ಫನ್ನು ಒರೆಸುತ್ತಿದ್ದವಳು ಒಬ್ಬಳು. ನೆಲ ಒರೆಸುವವರನ್ನು, ಶೆಲ್ಫು ಒರೆಸುವವರನ್ನು ನಾವು ಯಾರೂ ನೋಡುವುದಿಲ್ಲ. ನಾನೂ ಹದಿನೈದು ವರ್ಷ ನೋಡಿರಲಿಲ್ಲ.

"ಮಹಾದೇವಿ," ಎಂದೆ. "ನಿನ್ನ ಕೋಣೆಗೆ ಎಷ್ಟು ಕೀಲಿ?"

"ಎರಡ್ರೀ. ಒಂದು ನಂತಾಕ. ಇನ್ನೊಂದು..."

ಅವಳು ನಿಲ್ಲಿಸಿದಳು. ಮುಖದ ಬಣ್ಣ ಇಳಿಯಿತು. "ಕೂಸು ಸಾಲಿಂದ ಲಗೂ ಬಂದ್ರ ಬೇಕಾಗ್ತೈತಿ ಅಂತ ಶಾಂತಕ್ಕಗ ಕೊಟ್ಟೀನ್ರೀ. ಆದ್ರ ಅಕಿ ಹಂಗ ಮಾಡಾಕಿ ಅಲ್ರೀ ಮೇಡಂ. ನಿಮ್ಮನ್ನ ಕರ್ಕೊಂಡು ಬಂದಾಕಿನ ಅಕಿ."

ಅದೇ ನನಗೂ ಅರ್ಥವಾಗದ ಸಂಗತಿ. ಕೊಲ್ಲಬೇಕೆಂದಿದ್ದವಳು ವೈದ್ಯರನ್ನೇಕೆ ಕರೆತರುತ್ತಾಳೆ? ಮೊನ್ನೆ ನನ್ನ ಮನೆಯಲ್ಲಿ ಅವಳು ಅತ್ತದ್ದು ಸುಳ್ಳಲ್ಲ, ಅಷ್ಟು ನನಗೆ ಗೊತ್ತು. ಮೊನ್ನೆಯಿಂದ ಇವತ್ತಿಗೆ ಏನೋ ಆಗಿತ್ತು.

ಕಾರಿಡಾರಿನಲ್ಲಿ ಚಪ್ಪಲಿಯ ಸದ್ದು ಕೇಳಿಸಿತು. ಬಾಗಿಲು ತೆರೆದು ಶಾಂತಿ ಒಳಗೆ ಬಂದಳು. ಸೆರಗು ಬೆವರಿನಿಂದ ಒದ್ದೆಯಾಗಿತ್ತು. ಮಣಿಕಟ್ಟಿಗೆ ಜೋಳದ ಹಿಟ್ಟು ಅಂಟಿದ್ದನ್ನು ಅವಳು ಒರೆಸಿಕೊಂಡೂ ಇರಲಿಲ್ಲ.

ಮಹಾದೇವಿ ಅವಳ ಕೈಯ ಹಿಟ್ಟನ್ನು ನೋಡಲಿಲ್ಲ. ಅವಳ ಹಿಂದೆ, ಖಾಲಿ ಕಾರಿಡಾರನ್ನು ನೋಡುತ್ತಿದ್ದಳು.

"ಅಕ್ಕ, ಕೂಸೆಲ್ಲಿ?"

ಶಾಂತಿ ಅವಳತ್ತ ತಿರುಗಲೇ ಇಲ್ಲ. ನೇರವಾಗಿ ನನ್ನ ಬಳಿ ಬಂದು, ಪೊಲೀಸರ ಎದುರಿಗೇ ಮಂಡಿಯೂರಿ, ನನ್ನ ನಡುಗುವ ಕೈಗಳನ್ನು ಹಿಡಿದುಕೊಂಡಳು.

"ಮೇಡಂ, ನಿಮ್ ಕಾಲಿಗ್ ಬೀಳ್ತೀನಿ. ಆ ಪ್ರೋಬು ಮಹಾದೇವಿದೇ ಅಂತ ಬರ್ಕೊಟ್ಬಿಡಿ. ಒಂದು ಗಂಟೆ ಒಳಗೆ ಇವ್ಳನ್ನ ಕರ್ಕೊಂಡ್ ಹೋಗ್ಲಿ. ಇಲ್ದಿದ್ರೆ ಮಗು ವಾಪಸ್ ಬರಲ್ಲ ಅಂದಿದ್ದಾರೆ. ಯಾರು ಅಂತ ಏನೂ ಕೇಳ್ಬೇಡಿ ಮೇಡಂ."

ಗಡಿಯಾರದಲ್ಲಿ ಹನ್ನೆರಡು ಮುಕ್ಕಾಲು. ಅವಳ ಹೆಗಲಿನಿಂದ ಜಾರಿ ನೆಲಕ್ಕೆ ಬಿದ್ದದ್ದು ರೊಟ್ಟಿಯ ಡಬ್ಬಿಯಲ್ಲ. ಸಮೀಕ್ಷಾಳ ಸ್ಕೂಲ್ ಬ್ಯಾಗು. ಅದಕ್ಕೆ ಸಿಕ್ಕಿಕೊಂಡು ಮಗುವಿನ ಒಂದೇ ಒಂದು ಬೂಟು ನೇತಾಡುತ್ತಿತ್ತು.